ತಿದಿ

"ಊದು, ಇನ್ನೂ ಜೋರಾಗಿ ಊದು!" ಎಂದು ನರ್ಸಮ್ಮ ಕೂಗಿದಳು. ಕಲ್ಲು ಕೊಯ್ಯುವ ಕಾರ್ಖಾನೆಯ ಆ ಯುವಕ ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಊದಿದ. ಉಸಿರು ಅಳೆಯುವ ಕೊಳವೆಯ ಮುಳ್ಳು ಅರ್ಧಕ್ಕೇ ನಿಂತುಬಿಟ್ಟಿತು.

ಅವನು ತಂದಿದ್ದು ತನ್ನದಲ್ಲ, ತನ್ನ ಭಾವನ ತಪಾಸಣೆ ಕಾರ್ಡು ಎಂಬುದು ಅವಳಿಗೆ ಗೊತ್ತಿತ್ತು. ಹೋದ ವರ್ಷದ ತಪಾಸಣೆಯಲ್ಲಿ ನಾಲ್ಕು ಜನರ ಹೆಸರಿನಲ್ಲಿ ಇವನೊಬ್ಬನೇ ಬಂದು ಊದಿ ಹೋಗಿದ್ದ. ಜೊತೆಯವರು ಇವನನ್ನು ಕುಲುಮೆಗೆ ಗಾಳಿ ಊದುವ 'ತಿದಿ' ಎಂದೇ ಕರೆಯುತ್ತಿದ್ದರು. ಅವಳು ಕಂಡೂ ಕಾಣದಂತೆ ನಾಲ್ಕಕ್ಕೂ ಸಹಿ ಹಾಕಿದ್ದಳು. ಊದಿದಾಗ ಮುಳ್ಳು ಗುರುತಿನ ಗೆರೆ ಮುಟ್ಟದವರನ್ನು ಕಾರ್ಖಾನೆ ಮಾರನೇ ದಿನವೇ ಮನೆಗೆ ಕಳಿಸುತ್ತಿತ್ತು. ಕಲ್ಲುಪುಡಿ ತುಂಬಿದ ಎದೆ ಹೊತ್ತವನಿಗೆ ಬೇರೆಲ್ಲೂ ಕೆಲಸ ಸಿಗುತ್ತಿರಲಿಲ್ಲ. ಧೂಳು ಹೀರುವ ಯಂತ್ರ ಹಾಕಿಸಿ ಎಂದು ಅವಳು ಮೂರು ವರ್ಷದಿಂದ ಬರೆದ ಕಾಗದಗಳೆಲ್ಲ ಮ್ಯಾನೇಜರನ ಮೇಜಿನ ಮೇಲೆ ಕೊಳೆಯುತ್ತಿದ್ದವು.

ಎರಡನೇ ಸಲವೂ ಮುಳ್ಳು ಮೇಲೇಳಲಿಲ್ಲ, ಮೂರನೇ ಸಲವೂ ಇಲ್ಲ. ಯುವಕ ಕೆಮ್ಮುತ್ತಾ ಮೇಜು ಹಿಡಿದುಕೊಂಡ. "ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ ಮೇಡಂ, ಅದಕ್ಕೇ..."

"ಸಾಕು ಸುಮ್ನಿರೋ! ನಿಮ್ಮ ಭಾವಂದು ಹಾಗಿರ್ಲಿ, ಈಗ ನಿನ್ನ ಕಾರ್ಡಿಗೆ ಯಾರು ಊದ್ತಾರೋ?" ಬಯ್ಯಬೇಕಾದದ್ದು ಇವನನ್ನಲ್ಲ ಎಂದು ತಿಳಿದಿದ್ದರೂ ಅವಳು ಕಿರುಚಿಬಿಟ್ಟಳು.

ಅವನು ಬೆವರು ಒರೆಸಿಕೊಂಡು ಬಾಗಿಲಾಚೆ ನಿಂತ ಸಾಲಿನತ್ತ ನೋಡಿದ. ಮುಖ ಸ್ವಲ್ಪ ಅರಳಿತು.

"ಹೋದ ವಾರ ಹೊಸಬ ಒಬ್ಬ ಸೇರ್ಕೊಂಡಿದಾನೆ ಮೇಡಂ. ಒಳ್ಳೇ ಗಟ್ಟಿ ಆಳು. ಕರೀಲಾ?"