ಮಣಿಕಟ್ಟಿನ ದೀಪ

ನಾಗವೇಣಿ ತಾನೇ ರೂಪಿಸಿದ ಪಟ್ಟಿಯೊಂದನ್ನು ಮಣಿಕಟ್ಟಿಗೆ ಕಟ್ಟಿಕೊಂಡಿದ್ದಳು. ಅದರೊಳಗಿನ ದ್ರಾವಣ ಮೈಯ ಕಾವಿನಿಂದಲೇ ವಿದ್ಯುತ್ ಹುಟ್ಟಿಸಿ, ಮೇಲಿನ ಪುಟ್ಟ ದೀಪವನ್ನು ಉರಿಸುತ್ತಿತ್ತು.

ಅದನ್ನು ಕಂಡುಹಿಡಿದವನು ತಾನೇ ಎಂದು ಅವಳ ಮೇಲಧಿಕಾರಿ ಚಂದ್ರಮೌಳಿ ಎಲ್ಲೆಡೆ ಹೇಳಿಕೊಂಡಿದ್ದ. ನಿಜ ಬಯಲು ಮಾಡುತ್ತೇನೆಂದು ಅವಳು ಹೊರಟಾಗ, ಕಾರ್ಖಾನೆಯ ಬಾಯ್ಲರ್ ಕೋಣೆಯ ಧಗೆಯೊಳಕ್ಕೆ ಎಳೆದೊಯ್ದು ಕತ್ತು ಹಿಸುಕಿದ.

"ಬಿಡಿ, ಸರ್..."

"ಬಾಯಿ ಮುಚ್ಚೇ! ಉಸಿರು ನಿಂತ ಮೇಲೇ ನಿನ್ನನ್ನ ಬಿಡೋದು."

ಅವಳು ಪರಚಿದಳು, ಒದ್ದಳು. ಅವನು ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಕೆನ್ನೆಯ ಮೇಲೆ ರಕ್ತ ಇಳಿಯಿತು. ಮಣಿಕಟ್ಟಿನ ದೀಪ ಮಂಕಾಗುತ್ತಾ ಬಂದು ಆರಿತು. ಅವಳ ಕೈಕಾಲು ಸಡಿಲವಾದವು.

ಆರಿದ ದೀಪವನ್ನು ನೋಡಿ ಅವನು ಹಿಡಿತ ಬಿಟ್ಟ. "ಮುಗೀತು ಇವಳ ಕಥೆ" ಎನ್ನುತ್ತಾ ಬಾಗಿಲ ಕಡೆ ತಿರುಗಿದ.

ಹಿಂದಿನಿಂದ ಬೀಸಿದ ಕಬ್ಬಿಣದ ಸಲಾಕೆಗೆ ಅವನ ಮಂಡಿ ಪುಡಿಯಾಯಿತು. ಬಿದ್ದಲ್ಲಿಂದಲೇ ತಿರುಗಿ ನೋಡಿ ಕಿರುಚಿದ.

"ನಿನ್ನ ದೀಪ ಆರಿತ್ತಲ್ಲೇ!"

ನಾಗವೇಣಿ ಸಲಾಕೆಯನ್ನು ಮತ್ತೆ ಎತ್ತಿದಳು.

"ಸುತ್ತಲಿನ ಗಾಳಿ ಮೈಗಿಂತ ತಂಪಾಗಿದ್ರೆ ಮಾತ್ರ ಅದು ಉರಿಯೋದು, ಸರ್. ಕಂಡುಹಿಡಿದವರಿಗೆ ಅಷ್ಟೂ ಗೊತ್ತಿಲ್ವಾ?"