ಕತ್ತಲ ಕೋಣೆಯ ಪೆಪ್ಪರ್ಮೆಂಟು

ಭಾರ್ಗವಿಯ ಸಂಸಾರವನ್ನೇ ಅಲುಗಾಡಿಸುವಂಥ ಗಂಭೀರ ಘಟನೆಯೊಂದು, ಹಿಂದೆ ಚಿನ್ನ ಅಗೆಯಲು ಬಂದು ತಪ್ಪು ಮಾಡಿದವರನ್ನು ಕೂಡಿಹಾಕುತ್ತಿದ್ದ, ಈಗ ಮ್ಯೂಸಿಯಮ್ಮಾಗಿರುವ ಹಳೆಯ ಜೈಲೊಂದರಲ್ಲಿ ನಡೆಯಿತು: ಕತ್ತಲಲ್ಲಿ ಯಾರೋ ಪೆಪ್ಪರ್ಮೆಂಟಿನ ಕಾಗದ ಬಿಚ್ಚಿದರು. ನೋಡಲು ಬಂದವರಿಗೆ ಶಿಕ್ಷೆಯ ರುಚಿ ತೋರಿಸಲೆಂದು ಮ್ಯೂಸಿಯಮ್ಮಿನ ಗೈಡು ಹೊರಗಿನಿಂದ ಕೋಣೆಯ ಬಾಗಿಲು ಮುಚ್ಚಿದ್ದ. ಒಳಗಿದ್ದವರು ಇಬ್ಬರೇ, ಅವಳು ಮತ್ತು ಗಂಡ ಅಶ್ವತ್ಥ. ಇನ್ಸುಲಿನ್ ಚುಚ್ಚಿಕೊಳ್ಳುವ ಅವನು ಸಿಹಿ ಮುಟ್ಟುವುದಿಲ್ಲವೆಂದು ಆಣೆ ಹಾಕಿದ್ದ. ಪಾಮರ್ಸ್ಟನ್ ನಾರ್ತ್‌ನ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ದಿಂಬಿನಡಿಯ ಚಾಕೊಲೇಟು ಹಿಡಿದು ಪಳಗಿದ ನರ್ಸಿನ ಕಿವಿ ಅವಳದು.

“ರೀ, ಕೈಯಲ್ಲೇನು?”

“ಏನಿಲ್ವೇ.” ಮಾತು ತಡವಾಗಿ, ತೊದಲುತ್ತ ಬಂತು.

ಬಾಗಿಲು ತೆರೆದು ಬೆಳಕು ಬಿದ್ದದ್ದೇ ತಡ, ಅವಳು ಗಂಡನ ಮುಷ್ಟಿ ಬಿಡಿಸಿದಳು. ಕಾಗದ ಅರ್ಧವಷ್ಟೇ ಬಿಚ್ಚಿತ್ತು. ಬೆರಳುಗಳು ನಡುಗುತ್ತಿದ್ದವು, ಹಣೆ ಬೆವರಿನಿಂದ ತೊಯ್ದಿತ್ತು. ಅವಳೇ ಕಾಗದ ಕಿತ್ತು ಪೆಪ್ಪರ್ಮೆಂಟನ್ನು ಅವನ ಬಾಯಿಗೆ ತುರುಕಿದಳು.

“ಶುಗರ್ ಲೋ ಆಗ್ತಿದೆ ಅಂತ ಹೇಳೋಕೇನ್ರೀ ದಾಡಿ?”

“ಹೇಳಿದ್ರೆ, ಪೆಪ್ಪರ್ಮೆಂಟ್ ಎಲ್ಲಿಂದ ಬಂತು ಅಂತ ಶುರು ಮಾಡ್ತಿದ್ದೆ.”

ಭಾರ್ಗವಿ ಗಂಡನ ಕಣ್ಣಿಗೆ ಬೀಳದಂತೆ ಕೈಚೀಲದ ತಳದಲ್ಲಿ ಬಚ್ಚಿಟ್ಟಿದ್ದ ಡಬ್ಬಿ ತೆಗೆದು, ಒಂದು ತುಂಡು ಮೈಸೂರು ಪಾಕನ್ನು ಅವನ ಅಂಗೈಯಲ್ಲಿಟ್ಟಳು. ಬೆವರು ಆರುತ್ತಿದ್ದ ಅಶ್ವತ್ಥ ಡಬ್ಬಿಯನ್ನೇ ನೋಡಿದ.

“ಇದೆಲ್ಲಿಂದ ಬಂತು?”

“ಸುಮ್ನೆ ತಿನ್ರೀ.”

ಕೈದಿಗಳು ಮಲಗುತ್ತಿದ್ದ ಹಲಗೆಯ ಮೇಲೆ ಕೂತು ಇಬ್ಬರೂ ತಿಂದರು. ಡಬ್ಬಿ ಖಾಲಿಯಾಯಿತು.