ಟಕ್ ಎಂದಾಗಲೆಲ್ಲ

ಕಣ್ಣಿಗೆ ಗ್ಲಾಕೋಮಾ ಬಂದ ಮೇಲೆ ಮೃದಂಗದ ಶೇಷಗಿರಿ ಮೇಷ್ಟ್ರಿಗೆ ಎದುರಿನದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಊಟಕ್ಕೆ ಕೂತರೆ ಎಡಗಡೆಯ ನೀರಿನ ಲೋಟ ದಿನವೂ ಉರುಳುತ್ತಿತ್ತು. ಮೊನ್ನೆ ಅವರ ಸ್ಕೂಟರ್ ತರಕಾರಿ ಗಾಡಿಗೆ ತಾಗಿದಾಗ ಹೆಂಡತಿ ಪದ್ಮಾವತಿ ಕಡ್ಡಿ ಮುರಿದಂತೆ ಹೇಳಿದರು: "ಈ ಸಲ ಕಣ್ಣಿನ ಪರೀಕ್ಷೇಲಿ ಫೇಲಾದ್ರೆ ಕೀಲಿ ನನ್ನ ಕೈಗೆ."

ಕಣ್ಣಾಸ್ಪತ್ರೆಯ ಪರೀಕ್ಷೆಯಲ್ಲಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಮೇಷ್ಟ್ರಿಗೆ ಕಂಡದ್ದು ಕೆಲವೇ ಚುಕ್ಕಿ. ಆದರೆ ಪ್ರತಿ ಚುಕ್ಕಿಗೂ ಮುಂಚೆ ಯಂತ್ರ ಮೆಲ್ಲಗೆ 'ಟಕ್' ಎನ್ನುವುದು ಅವರ ಕಿವಿಗೆ ಬಿತ್ತು. ಜೀವಮಾನವೆಲ್ಲ ಲಯ ಹಿಡಿದ ಕೈ ಒಂದು ಟಕ್ಕನ್ನೂ ತಪ್ಪಿಸಲಿಲ್ಲ.

ವೈದ್ಯೆಯ ಮೇಜಿನ ಮೇಲೆ ಕೀಲಿಯನ್ನು ಠೀವಿಯಿಂದ ಇಟ್ಟು ಮೇಷ್ಟ್ರು ಹೆಂಡತಿಗೆ ಹೇಳಿದರು: "ಹೋಗ್ತಾ ಪೆಟ್ರೋಲ್ ಹಾಕಿಸ್ಬೇಕು, ನೆನಪಿಸೇ."

"ಡಾಕ್ಟ್ರು ಹೇಳ್ಲಿ ಇರಿ."

ವೈದ್ಯೆ ವರದಿ ನೋಡಿ ನಕ್ಕರು. "ಕಿವಿ ಬಹಳ ಚುರುಕು, ಮೇಷ್ಟ್ರೇ. ನಿಮ್ಮಂಥವರನ್ನ ಹಿಡಿಯೋಕೇ ಈ ಮೆಷಿನ್ ಆಗಾಗ ಚುಕ್ಕಿ ತೋರಿಸ್ದೆ ಬರೀ ಟಕ್ ಅನ್ನುತ್ತೆ. ಅದಕ್ಕೂ ಒತ್ತಿದೀರಿ."

ಮೇಷ್ಟ್ರು ವರದಿಯತ್ತ ಬಾಗಿದರು. ಎಡಗಡೆಯಿಂದ ಬಂದ ಪದ್ಮಾವತಿಯ ಕೈ ಮೇಜಿನ ಮೇಲಿನ ಕೀಲಿ ಎತ್ತಿಕೊಂಡದ್ದು ಅವರಿಗೆ ಕಾಣಲೇ ಇಲ್ಲ.